ರುಂಡ ಯಾರದು, ಮುಂಡ ಯಾರದು?

1957ರ ಆಗಸ್ಟ್ 23ರಂದು ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ನೀರಹನಿಯ ಆಕಾರದ ಪುಟ್ಟ ಕಾರೊಂದು ಗಂಟೆಗೆ 245.64 ಮೈಲಿ, ಅಂದರೆ ಸುಮಾರು 395 ಕಿಲೋಮೀಟರ್ ವೇಗದಲ್ಲಿ ಓಡಿತು. ಒಳಗೆ ಹೆಚ್ಚುಕಡಿಮೆ ಮಲಗಿದ ಭಂಗಿಯಲ್ಲಿದ್ದವರು ಬ್ರಿಟನ್ನಿನ ಹೆಸರಾಂತ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್. ಕಾರಿನ ಹೆಸರು ಇಎಕ್ಸ್ 181. ತಯಾರಿಸಿದ್ದು ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನ ಎಂ.ಜಿ. ಕಾರ್ಖಾನೆ. ಎಂಜಿನ್ನಿನ ಗಾತ್ರ 1489 ಸಿ.ಸಿ.

ಈ ಸಂಖ್ಯೆಯನ್ನು ಎಲ್ಲೋ ನೋಡಿದಂತಿದೆಯಲ್ಲ ಎಂದು ಕೆಲವು ಓದುಗರಿಗಾದರೂ ಅನಿಸೀತು. ಮನೆಯಲ್ಲಿ ಹಳೆಯ ಅಂಬಾಸಿಡರ್ ಇದ್ದವರು ಅದರ ಆರ್.ಸಿ. ಪುಸ್ತಕ ತೆರೆದು ನೋಡಿದರೆ ಅಲ್ಲಿಯೂ ಇರುವುದು ಇದೇ 1489. ಇದು ಕಾಕತಾಳೀಯವಲ್ಲ. ವಿಧಾನಸೌಧದ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಆ ಬಿಳಿಯ ಕಾರುಗಳ ಎಂಜಿನ್ ಮತ್ತು ಉಪ್ಪಿನ ಬಯಲಿನಲ್ಲಿ ಬಿರುಗಾಳಿಯಂತೆ ಓಡಿದ ಎಂಜಿನ್ ಒಂದೇ ಮನೆತನದವು. ಆ ಮನೆತನಕ್ಕೆ 'ಬಿ-ಸೀರೀಸ್' ಎಂದು ಹೆಸರು. ಕೆಳಗಿನ ಭಾಗ ಒಂದೇ ವಂಶದ್ದಾದರೂ ಒಂದು ಸರ್ಕಾರಿ ನೌಕರನಂತೆ ನಿಧಾನಕ್ಕೆ ನಡೆಯಿತು, ಇನ್ನೊಂದು ವಿಶ್ವದಾಖಲೆ ಬರೆಯಿತು. ವ್ಯತ್ಯಾಸದ ಬಹುಪಾಲು ಇದ್ದದ್ದು ಮೇಲೆ, ತಲೆಯಲ್ಲಿ. ಮೆಕ್ಯಾನಿಕ್‌ಗಳು 'ಹೆಡ್' ಎಂದು ಕರೆಯುವ ಎರಕದ ಕಬ್ಬಿಣದ ಆ ದಿಮ್ಮಿಯಲ್ಲಿ.

ಈ ಹೆಡ್‌ಗಳನ್ನು ಒಂದು ಎಂಜಿನ್ನಿನಿಂದ ಕಳಚಿ ಅದರ ದಾಯಾದಿ ಎಂಜಿನ್ನಿಗೆ ಕೂರಿಸುವ ಕಸುಬು ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಎಂ.ಜಿ. ಕಂಪೆನಿಯ 'ಎಂಜಿಎ' ಕಾರಿನಷ್ಟು ಇದಕ್ಕೆ ಒಳ್ಳೆಯ ಉದಾಹರಣೆ ಬೇರೊಂದಿಲ್ಲ. (ಇಂದು ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ. ಕಾರುಗಳಿಗೂ ಆ ಅಬಿಂಗ್ಡನ್ನಿಗೂ ಇರುವುದು ಹೆಸರಿನ ನಂಟಷ್ಟೆ. ಅಬಿಂಗ್ಡನ್ ಕಾರ್ಖಾನೆ 1980ರಲ್ಲೇ ಬಾಗಿಲು ಮುಚ್ಚಿತು.)

ಮೊದಲು ಹೆಡ್ ಎಂದರೇನು ಎಂಬುದನ್ನು ತಿಳಿಯೋಣ. ಎಂಜಿನ್ನಿನ ಕೆಳಭಾಗ ಬ್ಲಾಕ್. ಅದರಲ್ಲಿ ಕೊರೆದ ನಾಲ್ಕು ಗುಂಡನೆಯ ಬಾವಿಗಳಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಈ ಬಾವಿಗಳ ಬಾಯಿಗೆ ಮುಚ್ಚಳದಂತೆ ಕೂರುವುದು ಸಿಲಿಂಡರ್ ಹೆಡ್. ಆದರೆ ಇದು ಬರೀ ಮುಚ್ಚಳವಲ್ಲ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಗೆ ಬರುವ ದಾರಿ, ಸುಟ್ಟ ಹೊಗೆ ಹೊರಗೆ ಹೋಗುವ ದಾರಿ, ಈ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್‌ಗಳು, ಕಿಡಿ ಹಾರಿಸುವ ಪ್ಲಗ್, ಬೆಂಕಿ ಹೊತ್ತಿಕೊಳ್ಳುವ ಗೂಡು ಎಲ್ಲವೂ ಇರುವುದು ಇಲ್ಲೇ. ಎಂಜಿನ್ ಉಸಿರಾಡುವುದು ತಲೆಯಿಂದ. ಮುಂಡ ಬರೀ ದುಡಿಯುತ್ತದೆ.

ಬಿ-ಸೀರೀಸ್ ಹುಟ್ಟಿದ್ದು ಒಂದು ಒಲ್ಲದ ಮದುವೆಯಿಂದ. 1952ರಲ್ಲಿ ಬ್ರಿಟನ್ನಿನ ಬದ್ಧ ವೈರಿ ಕಂಪೆನಿಗಳಾದ ಆಸ್ಟಿನ್ ಮತ್ತು ಮೋರಿಸ್ ಒಂದುಗೂಡಿ ಬಿಎಂಸಿ ಎಂಬ ದೈತ್ಯ ಸಂಸ್ಥೆಯಾಯಿತು. ಯಜಮಾನಿಕೆ ಆಸ್ಟಿನ್ ಕಡೆಯ ಲೆನಾರ್ಡ್ ಲಾರ್ಡ್ ಅವರ ಪಾಲಾಯಿತು. ಎಂ.ಜಿ. ಇದ್ದದ್ದು ಮೋರಿಸ್ ಕಡೆಯ ಮನೆಯಲ್ಲಿ. ಅಲ್ಲಿನ ಎಂಜಿನಿಯರ್ ಸಿಡ್ ಎನೆವರ್ ಅದೇ ವರ್ಷ ಸೊಗಸಾದ ಹೊಸ ಸ್ಪೋರ್ಟ್ಸ್ ಕಾರಿನ ಮಾದರಿಯೊಂದನ್ನು ಮುಂದಿಟ್ಟರು. ಆದರೆ ಲಾರ್ಡ್ ಅದಾಗಲೇ ಆಸ್ಟಿನ್-ಹೀಲಿ ಕಾರಿಗೆ ಒಪ್ಪಿಗೆ ಕೊಟ್ಟಾಗಿತ್ತು. ಎಂ.ಜಿ.ಯವರು ಕಾಯಬೇಕಾಯಿತು. ಕೊನೆಗೆ 1955ರಲ್ಲಿ ಆ ಕಾರು ಎಂಜಿಎ ಎಂಬ ಹೆಸರಿನಲ್ಲಿ ಹೊರಬಂದಾಗ ಅದರ ಬಾನೆಟ್ಟಿನಡಿ ಇದ್ದದ್ದು ಎಂ.ಜಿ.ಯ ಹಳೆಯ ಎಂಜಿನ್ ಅಲ್ಲ, ಆಸ್ಟಿನ್ ಮೂಲದ ಬಿ-ಸೀರೀಸ್. ಸಂಸಾರಸ್ಥರ ಕಾರಿನ ಎಂಜಿನ್ನನ್ನು ತಂದು ಸ್ಪೋರ್ಟ್ಸ್ ಕಾರಿಗೆ ಇಟ್ಟರು ಎಂದು ಎಂ.ಜಿ. ಭಕ್ತರು ಮುಖ ಸಿಂಡರಿಸಿದ್ದೂ ಉಂಟು.

ಬಿಎಂಸಿಯ ಲೆಕ್ಕಾಚಾರ ಮಾತ್ರ ಸರಳವಾಗಿತ್ತು. ಒಂದು ಎಂಜಿನ್ನಿಗೆ ಬೇಕಾದ ಭಾರೀ ಯಂತ್ರಗಳನ್ನು ಒಮ್ಮೆ ಹೂಡಿದ ಮೇಲೆ ಸಾಧ್ಯವಾದಷ್ಟು ಕಾಲ, ಸಾಧ್ಯವಾದಷ್ಟು ಕಾರುಗಳಿಗೆ ಅದರಿಂದಲೇ ದುಡಿಸಬೇಕು. ಹಾಗಾಗಿ ಪಿಸ್ಟನ್ನಿನ ಓಡಾಟದ ಉದ್ದ, ಅಂದರೆ ಸ್ಟ್ರೋಕ್, 88.9 ಮಿ.ಮೀ. ಎಂದು ನಿಗದಿಯಾದದ್ದು ಈ ಕಾರುಗಳಲ್ಲಿ ಕೊನೆಯವರೆಗೂ ಬದಲಾಗಲಿಲ್ಲ. ಬದಲಾದದ್ದು ಬಾವಿಯ ಅಗಲ ಮಾತ್ರ. 1955ರ 1489 ಸಿ.ಸಿ. ಎಂಜಿನ್ನಿನಲ್ಲಿ ಅದು 73 ಮಿ.ಮೀ. 1959ರಲ್ಲಿ 75.4 ಮಿ.ಮೀ. ಮಾಡಿ 1588 ಸಿ.ಸಿ. ಪಡೆದರು. 1961ರಲ್ಲಿ 76.2 ಮಿ.ಮೀ., 1622 ಸಿ.ಸಿ. 1962ರಲ್ಲಿ ಎಂಜಿಎ ಹೋಗಿ ಎಂಜಿಬಿ ಬಂದಾಗ 80.26 ಮಿ.ಮೀ., 1798 ಸಿ.ಸಿ. ಇಷ್ಟಾದರೂ ಹೆಡ್ಡನ್ನು ಬಿಗಿಯುವ ಸ್ಟಡ್‌ಗಳು ಇದ್ದ ಜಾಗದಲ್ಲೇ ಉಳಿದವು. ಕಾರ್ಖಾನೆಯ ಈ ಜಿಪುಣತನವೇ ಮುಂದೆ ಸಾವಿರಾರು ಕಾರು ಮಾಲೀಕರ ಪಾಲಿಗೆ ವರವಾಯಿತು. 1962ರ ಹೆಡ್ 1955ರ ಬ್ಲಾಕಿನ ಮೇಲೆ ಕೂರುತ್ತದೆ. ನಟ್ಟು ಬಿಗಿಯಬಹುದು.

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ.

ಎಂಜಿಬಿ ಹೆಡ್ಡಿನ ಮೇಲೆ ಎಂಜಿಎ ಮಾಲೀಕರಿಗೆ ಆಸೆ ಏಕೆ? ಅದರ ವಾಲ್ವ್‌ಗಳು ದೊಡ್ಡವು. 1489ರ ಮೂಲ ಹೆಡ್ಡಿನಲ್ಲಿ ಒಳಬರುವ ವಾಲ್ವ್‌ನ ಅಗಲ 38.1 ಮಿ.ಮೀ., ಹೊಗೆ ಬಿಡುವ ವಾಲ್ವ್‌ನದು ಸುಮಾರು 32.5. ಎಂಜಿಬಿಯಲ್ಲಿ ಇವು 39.7 ಮತ್ತು 34.1. ಒಂದೂವರೆ ಮಿಲಿಮೀಟರ್ ಯಾವ ದೊಡ್ಡ ಮಾತು ಎನಿಸಬಹುದು. ಆದರೆ ಕಿಟಕಿ ಸ್ವಲ್ಪ ಅಗಲವಾದರೂ ಮನೆಗೆ ಬರುವ ಗಾಳಿ ಹೆಚ್ಚುತ್ತದೆ. ಇನ್ನೂ ದೊಡ್ಡ ಕಾರಣ ಸಂಖ್ಯಾಬಲ. ಎಂಜಿಎ ಕಾರುಗಳು ತಯಾರಾದದ್ದು ಒಟ್ಟು 1,01,081. ಎಂಜಿಬಿಗಳೋ 5 ಲಕ್ಷಕ್ಕೂ ಹೆಚ್ಚು. ಹಳೆಯ ಹೆಡ್ ಸೀಳಿದಾಗ ಸುಲಭಕ್ಕೆ ಸಿಗುವುದು ಯಾವುದೆಂದು ಹೇಳಬೇಕಿಲ್ಲ.

ಸೀಳುವುದು ಈ ಹೆಡ್‌ಗಳ ಹುಟ್ಟುಗುಣವೇ ಎನ್ನಬೇಕು. ಅದಕ್ಕೆ ಕಾರಣ ಅದರ ಒಳಗಿನ ದಾರಿಗಳು. ನಾಲ್ಕು ಸಿಲಿಂಡರ್‌ಗಳಿಗೆ ನಾಲ್ಕು ಒಳದಾರಿ, ನಾಲ್ಕು ಹೊರದಾರಿ ಇರಬೇಕಲ್ಲವೆ? ಬಿ-ಸೀರೀಸ್‌ನಲ್ಲಿ ಇರುವುದು ಎಲ್ಲ ಸೇರಿ ಐದೇ. ಒಂದು ಮತ್ತು ಎರಡನೆಯ ಸಿಲಿಂಡರ್‌ಗಳಿಗೆ ಒಂದು ಒಳದಾರಿ, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಹೊರದಾರಿಗಳು ಮೂರು, ನಡುವಿನದನ್ನು ಎರಡು ಮತ್ತು ಮೂರನೆಯ ಸಿಲಿಂಡರ್‌ಗಳು ಹಂಚಿಕೊಳ್ಳುತ್ತವೆ. ವಠಾರದಲ್ಲಿ ಎರಡು ಮನೆಗೆ ಒಂದು ನಲ್ಲಿ ಇದ್ದಂತೆ. ಸಿಲಿಂಡರ್‌ಗಳು ಸಿಡಿಯುವ ಕ್ರಮ 1-3-4-2. ಹಾಗಾಗಿ ಮೂರನೆಯದು ಉಸಿರೆಳೆದ ಬೆನ್ನಲ್ಲೇ ಅದೇ ನಲ್ಲಿಗೆ ನಾಲ್ಕನೆಯದು ಬಾಯಿ ಇಡುತ್ತದೆ. ಆಮೇಲೆ ಆ ನಲ್ಲಿಗೆ ಬಹಳ ಹೊತ್ತು ಯಾರೂ ಇಲ್ಲ. ಇಬ್ಬರಿಗೂ ಒಂದೇ ಪಾಲು ಸಿಗುವುದಿಲ್ಲ. ಇನ್ನು ಹೊಗೆಯ ಕಡೆ ನಡುವಿನ ಎರಡು ವಾಲ್ವ್‌ಗಳು ಅಕ್ಕಪಕ್ಕ ಕೂತು ಒಂದೇ ಕಿಂಡಿಯಲ್ಲಿ ಬೆಂಕಿ ಕಾರುವುದರಿಂದ ಆ ಜಾಗದ ಕಬ್ಬಿಣ ಮಿತಿಮೀರಿ ಕಾಯುತ್ತದೆ. ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ.

ಈ ಕೊರತೆಯ ನಡುವೆಯೂ ಬಿ-ಸೀರೀಸ್ ಹೆಡ್ ಒಳ್ಳೆಯದೇ ಎನಿಸಿಕೊಂಡದ್ದು ಹ್ಯಾರಿ ವೆಸ್ಲೇಕ್ ಎಂಬ ಚತುರನಿಂದ. ಗಾಳಿಯ ಹರಿವನ್ನು ಅಳೆದು ತೂಗಿ ಹೆಡ್ ರೂಪಿಸುವುದರಲ್ಲಿ ಅವರದು ಎತ್ತಿದ ಕೈ. ಜಾಗ್ವಾರ್‌ನ ಪ್ರಸಿದ್ಧ ಹೆಡ್‌ಗಳಲ್ಲೂ ಅವರ ಪಾಲಿದೆ. ಬಿಎಂಸಿಗಾಗಿ ಅವರು ಬೆಂಕಿಗೂಡನ್ನು ಹೃದಯದ ಆಕಾರದಲ್ಲಿ ಮಾಡಿದರು. ಎರಡು ವಾಲ್ವ್‌ಗಳ ನಡುವೆ ಮೂಗಿನಂತೆ ಚಾಚಿದ ಗೋಡೆ ಒಳಬರುವ ಮಿಶ್ರಣವನ್ನು ಸುಳಿಯಾಗಿ ತಿರುಗಿಸಿ ಪ್ಲಗ್ಗಿನ ಕಡೆಗೆ ಕಳಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕವೆಂದರೆ ಪುಟ ತಿರುವುವವರು ದಯವಿಟ್ಟು ಸ್ವಲ್ಪ ತಾಳಬೇಕು. ಇಡೀ ಕಸುಬಿನ ಗುಟ್ಟು ಇಲ್ಲಿದೆ. 1489ನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿನ ಪಾಲು ಸುಮಾರು 372 ಸಿ.ಸಿ. ಇಷ್ಟು ಗಾಳಿಯನ್ನು ಪಿಸ್ಟನ್ ಮೇಲೇರಿ ಒಂದು ಚಿಕ್ಕ ಜಾಗಕ್ಕೆ ಅದುಮುತ್ತದೆ. ಎಷ್ಟು ಪಟ್ಟು ಅದುಮುತ್ತದೆ ಎಂಬುದೇ ಕಂಪ್ರೆಷನ್. ಎಂಜಿಎ 1489ರಲ್ಲಿ ಅದು 8.3 ಪಟ್ಟು. ಅಂದರೆ ಪಿಸ್ಟನ್ ತುದಿ ಮುಟ್ಟಿದಾಗ ಉಳಿಯುವ ಜಾಗ ಸುಮಾರು 51 ಸಿ.ಸಿ. ಇದರಲ್ಲಿ ಮೂಲ ಹೆಡ್ಡಿನ ಬೆಂಕಿಗೂಡಿನ ಪಾಲು 38.3 ಸಿ.ಸಿ.; ಮಿಕ್ಕದ್ದು ಪಿಸ್ಟನ್ನಿನ ತಲೆಯ ಕುಳಿ, ಗ್ಯಾಸ್ಕೆಟ್ಟಿನ ದಪ್ಪ ಇತ್ಯಾದಿ. ಎಂಜಿಬಿ ಹೆಡ್ಡಿನ ಗೂಡು ದೊಡ್ಡದು, ಸುಮಾರು 43 ಸಿ.ಸಿ. ಅದನ್ನು ತಂದು ಕೂರಿಸಿದರೆ ಉಳಿಯುವ ಜಾಗ 51ರಿಂದ 56ರ ಹತ್ತಿರಕ್ಕೆ ಏರುತ್ತದೆ, ಕಂಪ್ರೆಷನ್ 7.7ಕ್ಕೆ ಇಳಿಯುತ್ತದೆ. ಅಗಲವಾದ ಕಿಟಕಿ ಕೊಟ್ಟ ಲಾಭವನ್ನು ಸಡಿಲವಾದ ಗೂಡು ನುಂಗಿಹಾಕುತ್ತದೆ. ಹೆಡ್ ಬದಲಿಸಿದೆ, ಕಾರು ಮೊದಲಿಗಿಂತ ಮಂದವಾಯಿತು ಎಂದು ತಲೆ ಕೆರೆದುಕೊಳ್ಳುವವರ ಕಥೆ ಇದೇ.

ಪರಿಹಾರವಿದೆ. ಲೇತ್ ಅಂಗಡಿಯಲ್ಲಿ ಹೆಡ್ಡಿನ ತಳಕ್ಕೆ ಫೇಸಿಂಗ್ ಹೊಡೆಸಿ ಒಂದು ಮಿಲಿಮೀಟರಿಗೂ ಮಿಕ್ಕಿ ಕಬ್ಬಿಣ ಹೆರೆದರೆ ಗೂಡು ಮತ್ತೆ ಚಿಕ್ಕದಾಗುತ್ತದೆ. ಬಲ್ಲ ಕೆಲಸಗಾರರು ಗೂಡಿನ ಮೇಲೆ ಗಾಜಿನ ಹಲ್ಲೆ ಇಟ್ಟು, ಸಣ್ಣ ತೂತಿನಿಂದ ಸಿರಿಂಜ್‌ನಲ್ಲಿ ಎಣ್ಣೆ ಬಿಟ್ಟು, ಎಷ್ಟು ಸಿ.ಸಿ. ಹಿಡಿಯಿತು ಎಂದು ನಾಲ್ಕೂ ಗೂಡುಗಳನ್ನು ಅಳೆಯುತ್ತಾರೆ. ಆದರೆ ಹೆರೆದಷ್ಟೂ ವಾಲ್ವ್‌ಗಳು ಬ್ಲಾಕಿಗೆ ಹತ್ತಿರವಾಗುತ್ತವೆ. ಅಲ್ಲಿ ಇನ್ನೊಂದು ಗಂಡಾಂತರ ಕಾದಿದೆ. ಎಂಜಿಬಿಯ ಎರಡು ವಾಲ್ವ್‌ಗಳ ಅಗಲ ಕೂಡಿಸಿ ನೋಡಿ: 39.7 ಮತ್ತು 34.1 ಸೇರಿ 73.8 ಮಿ.ಮೀ. 1489ರ ಬಾವಿಯ ಅಗಲವೇ 73! ಅಕ್ಕಪಕ್ಕ ಕೂತ ಎರಡು ವಾಲ್ವ್‌ಗಳು ಈ ಬಾವಿಯೊಳಗೆ ಹಿಡಿಸುವುದೇ ಇಲ್ಲ. ಅಂಚು ಹೊರಗೆ ಚಾಚುತ್ತದೆ. ಎಂಜಿನ್ ತಿರುಗಿ ವಾಲ್ವ್ ಪೂರ್ತಿ ತೆರೆದಾಗ ಅದು ಬ್ಲಾಕಿನ ಮೇಲ್ಮೈಗೆ ಬಡಿಯುವ ಅಪಾಯವಿದೆ. ಆದ್ದರಿಂದ ಬ್ಲಾಕಿನ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದ ಕಚ್ಚು ಕೊರೆಯಬೇಕು. ತೀರಾ ಆಳಕ್ಕೆ ಹೋದರೆ ಪಿಸ್ಟನ್ನಿನ ಮೇಲಿನ ರಿಂಗ್ ಓಡಾಡುವ ಜಾಗಕ್ಕೆ ತಗುಲಿ ಬ್ಲಾಕೇ ಹಾಳು. ಕೊರೆದ ಕಬ್ಬಿಣವನ್ನು ಮತ್ತೆ ತುಂಬಲಾಗದು.

ತಿರುವುಮುರುವು ಮಾಡಿದರೆ? ಎಂಜಿಬಿಯ 1798 ಸಿ.ಸಿ. ಬ್ಲಾಕಿಗೆ ಹಳೆಯ ಚಿಕ್ಕ ಗೂಡಿನ ಹೆಡ್ ಕೂರಿಸಿದರೆ ಕಂಪ್ರೆಷನ್ 8.8ರಿಂದ ಸುಮಾರು 9.5ಕ್ಕೆ ಜಿಗಿಯುತ್ತದೆ. ಪುಕ್ಕಟೆ ಶಕ್ತಿ ಬಂತೆಂದು ಹಿಗ್ಗುವ ಹಾಗಿಲ್ಲ. ಕೀಳು ದರ್ಜೆಯ ಪೆಟ್ರೋಲ್ ಹಾಕಿದರೆ ಏರಿನಲ್ಲಿ ಎಂಜಿನ್ ಟಕಟಕ ಎಂದು ನಾಕಿಂಗ್ ಮಾಡುತ್ತದೆ. ಜೊತೆಗೆ ದೊಡ್ಡ ಹೊಟ್ಟೆಗೆ ಚಿಕ್ಕ ಮೂಗು. ವೇಗ ಏರಿದಂತೆ ಉಸಿರು ಕಟ್ಟುತ್ತದೆ.

ಹೀಗಿರುವಾಗ ಕಾರ್ಖಾನೆಯವರೇ ಹೊಸ ತಲೆ ಮಾಡಿಸಲಿಲ್ಲವೆ ಎಂಬ ಪ್ರಶ್ನೆ ಸಹಜ. ಮಾಡಿಸಿದರು, ಕೈಯನ್ನೂ ಸುಟ್ಟುಕೊಂಡರು. ಇಎಕ್ಸ್ 181ರಲ್ಲಿ ಇದ್ದದ್ದು ಬಿ-ಸೀರೀಸ್ ಬ್ಲಾಕಿನ ಮೇಲೆ ಅಲ್ಯೂಮಿನಿಯಂ 'ಟ್ವಿನ್ ಕ್ಯಾಮ್' ಹೆಡ್, ಜೊತೆಗೆ ಗಾಳಿ ತುರುಕುವ ಸೂಪರ್‌ಚಾರ್ಜರ್. ಸಾಮಾನ್ಯ ಬಿ-ಸೀರೀಸ್‌ನಲ್ಲಿ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿದ್ದು ಉದ್ದನೆಯ ಕಡ್ಡಿಗಳಿಂದ ಮೇಲಿನ ವಾಲ್ವ್‌ಗಳನ್ನು ತಳ್ಳುತ್ತದೆ. ಟ್ವಿನ್ ಕ್ಯಾಮ್‌ನಲ್ಲಿ ಎರಡು ಶಾಫ್ಟ್‌ಗಳು ನೇರವಾಗಿ ತಲೆಯ ಮೇಲೆಯೇ ಕೂತವು. ಒಳದಾರಿ ಒಂದು ಬದಿಗೆ, ಹೊರದಾರಿ ಇನ್ನೊಂದು ಬದಿಗೆ. ವಠಾರದ ನಲ್ಲಿಯ ಜಗಳವಿಲ್ಲ. ಹಳೆಯ ಕ್ಯಾಮ್ ಶಾಫ್ಟ್ ಇದ್ದ ಸುರಂಗ ಖಾಲಿ ಬಿತ್ತಲ್ಲ, ಅದರಲ್ಲಿ ಬೇರೊಂದು ಶಾಫ್ಟ್ ಓಡಿಸಿ ಡಿಸ್ಟ್ರಿಬ್ಯೂಟರ್ ತಿರುಗಿಸುವ ಕೆಲಸ ಕೊಟ್ಟರು. 1959ರಲ್ಲಿ ಅಮೆರಿಕದ ಫಿಲ್ ಹಿಲ್ ಇದೇ ಕಾರನ್ನು, ಎಂಜಿನ್ ಗಾತ್ರವನ್ನು ತುಸು ಹಿಗ್ಗಿಸಿ, 254.91 ಮೈಲಿ ವೇಗಕ್ಕೆ ಮುಟ್ಟಿಸಿದರು.

ಉಪ್ಪಿನ ಬಯಲಿನ ಗೆಲುವನ್ನು ರಸ್ತೆಗೆ ತರುವ ಉತ್ಸಾಹದಲ್ಲಿ 1958ರಲ್ಲಿ ಎಂಜಿಎ ಟ್ವಿನ್ ಕ್ಯಾಮ್ ಮಾರಾಟಕ್ಕೆ ಬಂತು. 1588 ಸಿ.ಸಿ., 108 ಅಶ್ವಶಕ್ತಿ, ಕಂಪ್ರೆಷನ್ 9.9. ಅದೇ ಹೊತ್ತಿನ ಸಾಮಾನ್ಯ ಎಂಜಿಎ ಕೊಡುತ್ತಿದ್ದುದು 72 ಅಶ್ವಶಕ್ತಿ. ಆದರೆ ಕೊಂಡವರ ಪಿಸ್ಟನ್‌ಗಳು ಒಂದರ ಮೇಲೊಂದು ಸುಟ್ಟು ತೂತಾಗತೊಡಗಿದವು. ಒಳ್ಳೆಯ ಪೆಟ್ರೋಲ್ ಬೇಕು, ಕಿಡಿಯ ಹೊತ್ತು ಕರಾರುವಾಕ್ಕಾಗಿರಬೇಕು ಎಂಬ ಅದರ ಮಡಿಯನ್ನು ಊರ ಗ್ಯಾರೇಜುಗಳು ನಡೆಸಿಕೊಡಲಾರದೆ ಹೋದವು. ಕಂಪೆನಿ ಕಂಪ್ರೆಷನ್ನನ್ನು 8.3ಕ್ಕೆ ಇಳಿಸಿ ನೋಡಿತು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು. 2,111 ಕಾರುಗಳಿಗೆ, 1960ರಲ್ಲಿ, ಆಟ ಮುಗಿಯಿತು. ಬೇಸತ್ತ ಮಾಲೀಕರಲ್ಲಿ ಹಲವರು ಆ ಅಪರೂಪದ ಎಂಜಿನ್ನನ್ನೇ ಕಿತ್ತು ಸಾದಾ ಎಂಜಿನ್ ಹಾಕಿಸಿದರು. ಇಂದು ಅದೇ ಟ್ವಿನ್ ಕ್ಯಾಮ್ ಎಂಜಿನ್ನಿಗಾಗಿ ಅವರ ನಂತರದ ಮಾಲೀಕರು ಲೋಕವೆಲ್ಲ ಅಲೆಯುತ್ತಾರೆ.

ನಮ್ಮ ಅಂಬಾಸಿಡರ್ ಕಥೆ ಇದಕ್ಕೆ ತದ್ವಿರುದ್ಧ. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1957ರಲ್ಲಿ, ಅಂದರೆ ಮಾಸ್ ದಾಖಲೆ ಮಾಡಿದ ವರ್ಷವೇ, ಅದರ ತಯಾರಿಕೆ ಆರಂಭವಾಯಿತು. ಹಳೆಯ ಕಾಲದ ಎಂಜಿನ್ ಹೋಗಿ 1489 ಸಿ.ಸಿ. ಬಿ-ಸೀರೀಸ್ ಬಂದದ್ದು ಎರಡು ವರ್ಷದ ನಂತರ. ಬಾವಿಯ ಅಗಲ, ಸ್ಟ್ರೋಕ್ ಎಲ್ಲ ಎಂಜಿಎಯದೇ. ಆದರೆ ಎಂಜಿಎಗೆ ಎರಡು ಕಾರ್ಬುರೇಟರ್, ಇದಕ್ಕೆ ಒಂದು. ಕಂಪ್ರೆಷನ್ ಕಡಿಮೆ. ಸಿಕ್ಕ ಪೆಟ್ರೋಲಿನಲ್ಲಿ ಓಡಬೇಕು, ಹಳ್ಳಿಯ ಮೆಕ್ಯಾನಿಕ್ ರಿಪೇರಿ ಮಾಡುವಂತಿರಬೇಕು ಎಂಬುದೇ ಮುಖ್ಯವಾಗಿದ್ದ ಕಾರಿಗೆ 50-55 ಅಶ್ವಶಕ್ತಿ ಸಾಕಾಯಿತು. ಮುಂದೆ ಅದೇ 1489 ಸಿ.ಸಿ.ಗೆ ಡೀಸೆಲ್ ಅವತಾರವೂ ಬಂತು. 1992ರಲ್ಲಿ ಜಪಾನಿನ ಇಸುಜು ಮೂಲದ ಎಂಜಿನ್ ಕಾಲಿಟ್ಟಿತು. 2014ರಲ್ಲಿ ಕಾರಿನ ತಯಾರಿಕೆಯೇ ನಿಂತಿತು. ಎಂಜಿಎ ಟ್ವಿನ್ ಕ್ಯಾಮ್ ಬದುಕಿದ್ದು ಎರಡು ವರ್ಷ. ಅದರ ದಡ್ಡ ತಮ್ಮ ನಮ್ಮ ಮೂರು ತಲೆಮಾರುಗಳನ್ನು ಹೊತ್ತು ತಿರುಗಿದ.

ಹಳೆಯ ಹೆಡ್‌ಗಳ ವಿಚಾರ ಹವ್ಯಾಸಿಗಳ ಗ್ಯಾರೇಜಿನಿಂದ ಹೊರಗೆ ಬಂದದ್ದು ಸೀಸದಿಂದಾಗಿ. ನಾಕಿಂಗ್ ತಡೆಯಲೆಂದು 1920ರ ದಶಕದಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಇನ್ನೊಂದು ಉಪಕಾರವನ್ನೂ ಮಾಡುತ್ತಿತ್ತು. ವಾಲ್ವ್ ಬಂದು ಕೂರುವ ಜಾಗದಲ್ಲಿ ತೆಳು ಮೆತ್ತೆಯಂತೆ ಹರಡಿ ಕಬ್ಬಿಣ ಸವೆಯದಂತೆ ಕಾಯುತ್ತಿತ್ತು. ಆದರೆ ಸೀಸ ವಿಷ, ಮಕ್ಕಳ ಮಿದುಳಿಗೆ ವಿಶೇಷವಾಗಿ. 2000ದ ಆರಂಭದಲ್ಲಿ ಬ್ರಿಟನ್ನಿನ ಬಂಕುಗಳಲ್ಲಿ ಅದರ ಸಾಮಾನ್ಯ ಮಾರಾಟ ನಿಂತಿತು. ಅದೇ ವರ್ಷದ ಫೆಬ್ರುವರಿಯಿಂದ ಭಾರತದಲ್ಲೂ ಸೀಸದ ಪೆಟ್ರೋಲ್ ಇಲ್ಲವಾಯಿತು. ಬಿ-ಸೀರೀಸ್ ಹೆಡ್‌ಗಳಲ್ಲಿ ವಾಲ್ವ್‌ನ ಪೀಠವನ್ನು ನೇರ ಹೆಡ್ಡಿನ ಕಬ್ಬಿಣದಲ್ಲೇ ಕಡೆದಿರುತ್ತಿದ್ದರು. ಮೆತ್ತೆ ಹೋದ ಮೇಲೆ ಜೋರಾಗಿ ಓಡಿಸಿದ ಕಾರುಗಳಲ್ಲಿ ವಾಲ್ವ್ ಪೀಠದೊಳಕ್ಕೆ ಹೂತುಹೋಗುವ ಭಯ. ಪೀಠ ಕೊರೆದು ಗಟ್ಟಿ ಉಕ್ಕಿನ ಬಳೆ ಕೂರಿಸುವುದೇ ಮದ್ದು. ಹೇಗೂ ಹೆಡ್ ಬಿಚ್ಚಬೇಕು, ಬಿಚ್ಚಿದ ಮೇಲೆ ಎಂಜಿಬಿಯದನ್ನೇ ಹಾಕಿದರೇನು ಎಂದು ಯೋಚಿಸಿದ ಎಂಜಿಎ ಮಾಲೀಕರು ಕಡಿಮೆಯಿಲ್ಲ.

ಹಾಗೆ ಹಾಕಿದ ಮೇಲೆ ಅದು ಯಾವ ಕಾರು? ಗಿರೀಶ ಕಾರ್ನಾಡರ 'ಹಯವದನ' ನಾಟಕ ನೋಡಿದವರಿಗೆ ಈ ಪ್ರಶ್ನೆ ಹೊಸತಲ್ಲ. ಇಬ್ಬರು ಗೆಳೆಯರ ರುಂಡಗಳು ಅದಲುಬದಲಾದಾಗ ಗಂಡ ಯಾರು ಎಂಬ ತಕರಾರು ಏಳುತ್ತದೆ. ಅದರ ಮೂಲವಾದ ಬೇತಾಳನ ಕಥೆಯಲ್ಲಿ ರಾಜ ಕೊಡುವ ತೀರ್ಪು, ಅಂಗಗಳಲ್ಲಿ ಶ್ರೇಷ್ಠವಾದದ್ದು ತಲೆ, ತಲೆ ಯಾರದೋ ಮನುಷ್ಯ ಅವನೇ ಎಂದು. ಮೋಟಾರು ಲೋಕದ ನ್ಯಾಯ ತಲೆಕೆಳಗು. ಎಂಜಿಎಯಲ್ಲಿ ಎಂಜಿನ್ ನಂಬರ್ ಇರುವುದು ಬ್ಲಾಕಿಗೆ ರಿವೆಟ್ ಹೊಡೆದ ಪುಟ್ಟ ತಗಡಿನ ಮೇಲೆ. ಕಾಗದಪತ್ರ ಕೇಳುವುದು ಆ ನಂಬರನ್ನು, ಚಾಸಿಸ್ ನಂಬರನ್ನು. ಹೆಡ್ ಯಾರದೆಂದು ಯಾವ ಕಚೇರಿಯೂ ಕೇಳುವುದಿಲ್ಲ. ಕಾರು ಉಸಿರಾಡುವ ರೀತಿ, ಅದರ ದನಿ, ಅದರ ಏರುಬಲ ಎಲ್ಲವೂ ಬದಲಾಗಿದ್ದರೂ ದಾಖಲೆಯಲ್ಲಿ ಅದು 1955ರ ಕಾರೇ. ಈ ಅನುಕೂಲದಿಂದಲೇ ಮೋಸಕ್ಕೂ ಜಾಗವಿದೆ. ಮೇಲೆ ಎಂಜಿಬಿ ತಲೆ ಹೊತ್ತ ಕಾರನ್ನು 'ಎಲ್ಲವೂ ಅಸಲಿ' ಎಂದು ಮಾರಿದರೆ ಕೊಳ್ಳುವವನಿಗೆ ಗೊತ್ತಾಗುವುದು ಹೆಡ್ಡಿನ ಮೇಲಿನ ಎರಕದ ಗುರುತುಗಳನ್ನು ಓದಬಲ್ಲವರು ಜೊತೆಗಿದ್ದರೆ ಮಾತ್ರ.

ಶುದ್ಧವಾದಿಗಳು ಇದನ್ನು ಇತಿಹಾಸಕ್ಕೆ ಬಗೆದ ದ್ರೋಹ ಎನ್ನುತ್ತಾರೆ. ಈ ಲೇಖಕನಿಗೆ ಹಾಗನಿಸುವುದಿಲ್ಲ. ಅಗಲ ಹೆಚ್ಚಿಸಿ, ವಾಲ್ವ್ ದೊಡ್ಡದು ಮಾಡಿ, ಒಂದೇ ಎಂಜಿನ್ನಿಗೆ ತಲೆಯ ಮೇಲೆ ತಲೆ ಬದಲಿಸಿದ್ದು ಮೊದಲು ಕಾರ್ಖಾನೆಯೇ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಸೀಳಿದ ಅಸಲಿಗಿಂತ ರಸ್ತೆಯಲ್ಲಿ ಓಡುವ ಬೆರಕೆ ಮೇಲು. ಆದರೆ ಬ್ಲಾಕಿನಲ್ಲಿ ಕೊರೆಯುವ ಆ ಚಂದ್ರಾಕಾರದ ಕಚ್ಚಿನ ಬಗ್ಗೆ ಹಿಂಜರಿಕೆ ಇದೆ. ಹೆಡ್ಡನ್ನು ನಾಳೆ ಬದಲಿಸಬಹುದು, ಕಚ್ಚು ಮಾತ್ರ ಉಳಿಯುತ್ತದೆ. ಎಚ್ಚರವುಳ್ಳ ಮಾಲೀಕರು ಬಿಚ್ಚಿದ ಹಳೆಯ ಹೆಡ್ಡಿಗೆ ಗ್ರೀಸ್ ಬಳಿದು, ಯಾವ ಕಾರಿನದು, ಎಂದು ಬಿಚ್ಚಿದ್ದು ಎಂದು ಚೀಟಿ ಕಟ್ಟಿ ಬೆಂಚಿನಡಿ ಇಡುತ್ತಾರೆ. ಕಾರು ಮಾರುವಾಗ ಅದೂ ಜೊತೆಗೆ ಹೋಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಬಹಳ ಕಾಲ ಅಂಬಾಸಿಡರ್ ರಿಪೇರಿ ಮಾಡಿದ ಮೇಸ್ತ್ರಿಯೊಬ್ಬರನ್ನು, ಹೆಡ್ ಸೀಳಿದರೆ ಹಳೆಯದನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಗುಜರಿಗೆ ಹಾಕ್ತಿದ್ವಿ ಸಾರ್," ಎಂದರು, "ಒಳ್ಳೆ ತೂಕ ಬರ್ತಿತ್ತು."